ಚಳಿಯ ಸಂಜೆ, ನಿದ್ದೆ ಕೆಡಿಸದ ಒಂದು ಲೋಟ



ಪುಷ್ಯಮಾಸದ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ದೊಡ್ಡಬಳ್ಳಾಪುರದ ಹೆದ್ದಾರಿಯಲ್ಲಿರುವ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತು. ಕೆಲಸ ಮುಗಿಸಿದವರು, ಕೆಲಸಕ್ಕೆ ಹೊರಟವರು ಎದುರಾಗುವುದು ಟೀ ಅಂಗಡಿಯ ಮುಂದೆ. ಜಜ್ಜಿದ ಶುಂಠಿ, ಒಂದೆರಡು ಏಲಕ್ಕಿ, ಕುದಿಯುವ ಹಾಲು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರೆ ಅರ್ಧ ಚಳಿ ಅಲ್ಲಿಗೇ ಹೋಯಿತು. ಬಯಲುಸೀಮೆಯ ಚಳಿ ಎಂದರೆ ಸಾಮಾನ್ಯವಲ್ಲ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದು ಇಂದಿಗೂ ದಾಖಲೆಯಾಗಿ ಉಳಿದಿದೆ.

ರಾತ್ರಿಪಾಳಿಗೆ ಹೋಗುವವನಿಗೆ ಆ ಲೋಟ ವರವೇ. ಆದರೆ ಮನೆಗೆ ಹೋಗಿ, ಅಡುಗೆ ಮುಗಿಸಿ, ಮಲಗಿ, ನಸುಕಿನಲ್ಲೇ ಏಳಬೇಕಾದ ಹೆಣ್ಣುಮಗಳಿಗೆ? ಬಸುರಿಗೆ? ನಿದ್ದೆಯೇ ಬಾರದ ಅಜ್ಜನಿಗೆ? ಅವರಿಗೆ ಬೇಕಾದದ್ದು ಬಿಸಿ ಮತ್ತು ಖಾರ. ಜೊತೆಗೆ ಬರುವ ಎಚ್ಚರ ಅವರಿಗೆ ಬೇಡ.

ಆ ಎಚ್ಚರದ ಹೆಸರು ಕೆಫೀನ್. ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ 1819ರಲ್ಲಿ ಇದನ್ನು ಕಾಫಿಬೀಜದಿಂದ ಬೇರ್ಪಡಿಸಿದ. ಪರೀಕ್ಷೆಗೆಂದು ಬೀಜ ಕೊಟ್ಟವನು ಮಹಾಕವಿ ಗಯಟೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ಕುದಿಸಿದ ಒಂದು ಬಟ್ಟಲು ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಆರೋಗ್ಯವಂತರ ದೇಹ ಅದರ ಅರ್ಧವನ್ನು ಹೊರಹಾಕಲು ಸುಮಾರು ಐದು ಗಂಟೆ ಬೇಕು. ಅಂದರೆ ಸಂಜೆ ಏಳಕ್ಕೆ ಕುಡಿದದ್ದರಲ್ಲಿ ಅರ್ಧಪಾಲು ನಡುರಾತ್ರಿಯಲ್ಲೂ ರಕ್ತದಲ್ಲಿ ಸುತ್ತುತ್ತಿರುತ್ತದೆ. ಗರ್ಭಿಣಿಯರಲ್ಲಿ ಈ ಅವಧಿ ಇನ್ನೂ ಬಹಳ ದೀರ್ಘ.

ಕೆಫೀನ್ ತೆಗೆದ ಪೇಯದ ಯೋಚನೆ ಪಶ್ಚಿಮದಲ್ಲಿ ಹುಟ್ಟಿದ್ದು ಹೀಗೆಯೇ. ಬ್ರೆಮೆನ್ ನಗರದ ವ್ಯಾಪಾರಿ ಲುಡ್ವಿಗ್ ರೋಸೆಲಿಯುಸ್ 1906ರಲ್ಲಿ ಇದಕ್ಕಾಗಿ ಒಂದು ಕಂಪೆನಿಯನ್ನೇ ತೆರೆದ. ಆತ ಬಳಸಿದ ದ್ರಾವಕ ಬೆಂಜೀನ್. ಅದು ಅಪಾಯಕಾರಿಯೆಂದು ಮುಂದೆ ತಿಳಿದು ಕೈಬಿಡಲಾಯಿತು. ಬೇರೆ ದ್ರಾವಕಗಳು ಬಂದವು. 1960ರ ದಶಕದಲ್ಲಿ ಕುರ್ಟ್ ಜೋಸೆಲ್ ಎಂಬ ವಿಜ್ಞಾನಿ, ಹೆಚ್ಚು ಒತ್ತಡದ ಇಂಗಾಲದ ಡೈಆಕ್ಸೈಡ್ ಕೆಫೀನನ್ನು ಆಯ್ದು ಸೆಳೆಯಬಲ್ಲದೆಂದು ಕಂಡುಕೊಂಡ. ಟೀ ಎಲೆಗೂ ಈ ವಿಧಾನ ಹೊಂದುತ್ತದೆ.

ಇಂಥ ಟೀ ಪೊಟ್ಟಣಗಳು ನಮ್ಮ ದೊಡ್ಡ ಅಂಗಡಿಗಳಲ್ಲೂ ಸಿಗುತ್ತವೆ, ಆದರೆ ಬೆಲೆ ಹೆಚ್ಚು. ಕೆಫೀನ್ ಪೂರ್ತಿ ಹೋಗಿರುವುದೂ ಇಲ್ಲ. ಅಲ್ಪಸ್ವಲ್ಪ ಉಳಿದೇ ಇರುತ್ತದೆ. ಮೊದಲ ಅರ್ಧ ನಿಮಿಷದ ಡಿಕಾಕ್ಷನ್ ಚೆಲ್ಲಿಬಿಟ್ಟರೆ ಕೆಫೀನೆಲ್ಲ ಹೋಗುತ್ತದೆ ಎಂಬ ಮಾತೊಂದಿದೆ. ಅದು ನಿಜವಲ್ಲ. ಅಷ್ಟು ಹೊತ್ತಿನಲ್ಲಿ ಇಳಿಯುವುದು ಸ್ವಲ್ಪವೇ, ಚೆಲ್ಲಿಹೋಗುವುದು ಘಮ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಟೀಯ ಒಗರಿಗೆ ಕಾರಣವಾದ ಪದಾರ್ಥಗಳು ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕೆಫೀನ್ ತೆಗೆದರೂ ಒಗರು ಉಳಿಯುತ್ತದೆ, ತೊಂದರೆಯೂ ಉಳಿಯುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆ ಟೀ-ಕಾಫಿ ಬೇಡವೆಂದು ಪೋಷಣಾ ಸಂಸ್ಥೆ 2024ರ ಆಹಾರ ಸೂತ್ರಗಳಲ್ಲಿ ಹೇಳಿದ್ದು ಇದಕ್ಕೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಮಧ್ಯಾಹ್ನದ ಮುದ್ದೆ-ಸಾರಿನ ಬೆನ್ನಿಗೇ ಟೀ ಕುಡಿಯುವ ಅಭ್ಯಾಸವನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಚಳಿಗೆ ಏನು ಕುಡಿಯುವುದು? ಉತ್ತರ ಅಡುಗೆಮನೆಯ ಸಾಂಬಾರದ ಡಬ್ಬಿಯಲ್ಲೇ ಇದೆ: ಕಷಾಯ.

ಕಷಾಯವೆಂದೊಡನೆ ಬಹಳ ಮಂದಿಗೆ ಜ್ವರ, ಕಹಿ, ಮೂಗು ಹಿಡಿದು ಕುಡಿಸುವ ಅಜ್ಜಿ ನೆನಪಾಗುತ್ತಾರೆ. ಸಂಸ್ಕೃತದಲ್ಲಿ ಕಷಾಯವೆಂದರೆ ಒಗರು, ಆರು ರುಚಿಗಳಲ್ಲಿ ಒಂದು. ಆಯುರ್ವೇದದಲ್ಲಿ ಔಷಧ ತಯಾರಿಸುವ ಐದು ಮೂಲ ಕ್ರಮಗಳಿಗೂ ಅದೇ ಹೆಸರು. ಅವುಗಳಲ್ಲಿ ನೀರು ಇಂಗುವಂತೆ ಕುದಿಸಿದ್ದು ಕ್ವಾಥ. ಬಿಸಿನೀರಿನಲ್ಲಿ ನೆನೆಹಾಕಿ ಸೋಸಿದ್ದು ಫಾಂಟ. ಈ ಲೆಕ್ಕದಲ್ಲಿ ಟೀ ಕೂಡ ಒಂದು ಫಾಂಟವೇ! ಆದರೆ ಮಲೆನಾಡು, ಕರಾವಳಿಯ ಮನೆಗಳ ಕಷಾಯ ಔಷಧವಲ್ಲ, ದಿನನಿತ್ಯದ ಪೇಯ. ಬಂದ ನೆಂಟರಿಗೆ "ಕಾಫಿಯೋ, ಕಷಾಯವೋ?" ಎಂದು ಕೇಳುವ ಮನೆಗಳು ಅಲ್ಲಿ ಈಗಲೂ ಇವೆ.

ಮಾಡುವುದು ಸುಲಭ. ಕೊತ್ತಂಬರಿ ಬೀಜ ಹೆಚ್ಚು, ಅದರ ಅರ್ಧದಷ್ಟು ಜೀರಿಗೆ, ಸ್ವಲ್ಪ ಮೆಂತ್ಯ, ಕಾಳುಮೆಣಸು, ಒಣಶುಂಠಿ, ನಾಲ್ಕು ಏಲಕ್ಕಿ. ಹದವಾಗಿ ಹುರಿದು ಪುಡಿ ಮಾಡಿಟ್ಟುಕೊಂಡರೆ ತಿಂಗಳ ಚಿಂತೆಯಿಲ್ಲ. ಅಳತೆ ಮನೆಯಿಂದ ಮನೆಗೆ ಬೇರೆ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಒಂದು ತುಂಡು ಬೆಲ್ಲ ಹಾಕಿ ಕುದಿಸಬೇಕು. ಹಾಲನ್ನು ಬೇರೆಯಾಗಿ ಕಾಯಿಸಿ, ಕಷಾಯವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸುವುದು ಮೇಲು. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶವಿರುವುದರಿಂದ ಹಾಲು ಹಾಕಿ ಕುದಿಸಿದರೆ ಒಡೆಯುವ ಸಂಭವವುಂಟು.

ಕುಡಿದೊಡನೆ ಮೈ ಬೆಚ್ಚಗಾಗುವುದು ಹೇಗೆ? ಸುಡುವ ಬಿಸಿಯನ್ನು ಮಿದುಳಿಗೆ ತಿಳಿಸುವ ನರತುದಿಗಳ ಗ್ರಾಹಕವನ್ನೇ ಮೆಣಸು, ಶುಂಠಿಗಳ ಖಾರವೂ ತಟ್ಟುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಹಸಿಶುಂಠಿ ಒಣಗಿದಾಗ ಅದರ ಖಾರದ ಅಂಶ ಇನ್ನಷ್ಟು ತೀಕ್ಷ್ಣವಾದ ಬೇರೊಂದು ರೂಪ ತಾಳುತ್ತದೆ. ಕಷಾಯಕ್ಕೆ ಒಣಶುಂಠಿಯನ್ನೇ ಆರಿಸಿದವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ನಾಲಿಗೆಗೆ ಗೊತ್ತಿತ್ತು.

ಇಷ್ಟಿದ್ದೂ ಬೀದಿಯನ್ನು ಗೆದ್ದದ್ದು ಟೀ. ಅದು ತಾನಾಗಿ ಆದದ್ದಲ್ಲ. 1903ರಲ್ಲಿ ಬ್ರಿಟಿಷ್ ಸರ್ಕಾರ ಟೀ ರಫ್ತಿನ ಮೇಲೆ ಸುಂಕ ಹಾಕಿ ಆ ಹಣವನ್ನು ಪ್ರಚಾರಕ್ಕೆ ತೊಡಗಿಸಿತು. 1930ರ ದಶಕದಲ್ಲಿ ರಫ್ತು ಕುಸಿದಾಗ ಪ್ರಚಾರಕರು ಸಂತೆ, ರೈಲುನಿಲ್ದಾಣ, ಕಾರ್ಖಾನೆಗಳಿಗೆ ಬಂದು ಟೀ ಮಾಡುವುದನ್ನು ಕಲಿಸಿದರು, ಪುಕ್ಕಟೆ ಹಂಚಿದರು. ಕಷಾಯಕ್ಕೆ ಅಂಥ ಮಂಡಳಿಯೂ ಇರಲಿಲ್ಲ, ಜಾಹೀರಾತೂ ಇರಲಿಲ್ಲ. ಅದು ಮನೆಯೊಳಗೇ ಉಳಿಯಿತು. 2020ರ ಕೋವಿಡ್ ಕಾಲದಲ್ಲಿ ಆಯುಷ್ ಸಚಿವಾಲಯದ ಸಲಹೆಯಿಂದ ದೇಶವೆಲ್ಲ ಕಷಾಯ ಕುದಿಸಿತಾದರೂ ಅದೂ ಭಯದಿಂದ, ಔಷಧವೆಂದು. ಅತಿಯಾಗಿ ಕುಡಿದು ಹೊಟ್ಟೆಯುರಿ ತಂದುಕೊಂಡವರೂ ಇದ್ದರು. ಕಷಾಯ ರೋಗ ವಾಸಿಮಾಡುತ್ತದೆಂದು ಹೇಳುವುದು ತಪ್ಪು. ಅದು ಬಿಸಿಯಾಗಿದೆ, ರುಚಿಯಾಗಿದೆ, ನಿದ್ದೆ ಕೆಡಿಸುವುದಿಲ್ಲ. ಅದರ ಹೆಗ್ಗಳಿಕೆಗೆ ಅಷ್ಟು ಸಾಕು.

ಬೆಂಗಳೂರಿನ ಕೆಲವು ದರ್ಶಿನಿಗಳಲ್ಲಿ ಕಾಫಿ, ಟೀ, ಬಾದಾಮಿ ಹಾಲಿನ ಪಟ್ಟಿಯಲ್ಲಿ ಕಷಾಯವೂ ಸೇರಿದೆ. ಪಾಳಿ ಬಿಡುವ ಹೊತ್ತಿನ ಅಂಗಡಿಗಳಲ್ಲೂ ಟೀ ಪಾತ್ರೆಯ ಪಕ್ಕ ಇನ್ನೊಂದು ಪಾತ್ರೆ ಇಡಲು ಹೆಚ್ಚು ಬಂಡವಾಳ ಬೇಕಿಲ್ಲ. ಕೆಲಸಕ್ಕೆ ಹೋಗುವವರು ಟೀ ಕುಡಿಯಲಿ. ಮನೆಗೆ ಹೋಗುವವರಿಗೆ ಕಷಾಯ ಸಿಗಲಿ, ಅವರಿಗೆ ರಾತ್ರಿ ಕಣ್ತುಂಬ ನಿದ್ದೆ ಬರಲಿ.