ಹಾಸಿಗೆ ಹಿಡಿದವರಿಗೆ ಎಷ್ಟು ಜನ ಬೇಕು?

(ಸಂಘದ ಮಾಸಿಕ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಏಳನೆಯ ತರಗತಿ ಓದಿದವನು. ಹೋಟೆಲಿನಲ್ಲಿ ಲೋಟ ತೊಳೆದು ಈ ಸಂಘಕ್ಕೆ ಬಂದವನು. ಡಾಕ್ಟರರಂತೆ ಮಾತಾಡಲಾರೆ, ಆಳುಗಳ ಲೆಕ್ಕ ಮಾತ್ರ ಹೇಳಬಲ್ಲೆ.

ಊರಿನಲ್ಲಿ ನಮ್ಮ ತಂದೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಬಿದ್ದುಹೋದವು. ನಾನು ಮುಂಬಯಿಯಿಂದ ತಿಂಗಳು ತಿಂಗಳು ಹಣ ಕಳಿಸುತ್ತಿದ್ದೆ. ನೋಡಿಕೊಳ್ಳಲು ಅಮ್ಮ ಇದ್ದಾಳಲ್ಲ ಎಂದು ಸಮಾಧಾನ. ಆರು ತಿಂಗಳ ಮೇಲೆ ರಜೆಯಲ್ಲಿ ಹೋಗಿ ನೋಡಿದರೆ, ತಂದೆಯ ಬೆನ್ನಲ್ಲಿ ಹುಣ್ಣು. ಎತ್ತಿ ಎತ್ತಿ ಅಮ್ಮನ ಸೊಂಟ ಹಿಡಿದುಹೋಗಿತ್ತು. ಒಬ್ಬ ರೋಗಿಯಿದ್ದ ಮನೆಯಲ್ಲಿ ಇಬ್ಬರಾಗಿದ್ದರು! 16 ಗಂಟೆ ದುಡಿಸುವ ಧಣಿಯ ಎದುರು ಬಾವುಟ ಹಿಡಿದ ನಾನೇ ಹೆತ್ತ ತಾಯಿಯನ್ನು 24 ಗಂಟೆ ದುಡಿಸಿದ್ದೆ.

ಬಂಧುಗಳೇ, ವಾರಕ್ಕೆ 168 ಗಂಟೆ. 1948ರ ಫ್ಯಾಕ್ಟರಿ ಕಾಯಿದೆ ಒಬ್ಬ ಕೆಲಸಗಾರನಿಗೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಆ ಅಳತೆಯಲ್ಲಿ, ಸದಾ ಒಬ್ಬರು ಬಳಿಯಲ್ಲೇ ಇರಬೇಕಾದ ರೋಗಿಗೆ ಮೂರೂವರೆ ಆಳು ಬೇಕು. ಅಷ್ಟನ್ನೂ ನಾವು ಒಬ್ಬಳ ತಲೆಗೆ ಕಟ್ಟುತ್ತೇವೆ. ಒಬ್ಬನೇ ಭಟ್ಟನೂ ಸಪ್ಲೈಯರೂ ಕ್ಲೀನರೂ ಆಗಬೇಕೆಂದರೆ ಹೋಟೆಲಿನಲ್ಲಿ ನಾವು ಸುಮ್ಮನಿರುತ್ತೇವೆಯೇ?

ಎಲ್ಲ ರೋಗಿಗಳಿಗೂ ಅಷ್ಟು ಜನ ಬೇಡ. ಕೈಹಿಡಿದರೆ ಸಂಡಾಸಿಗೆ ಹೋಗಿಬರುವವರಿಗೆ ಹಗಲು ಒಬ್ಬರು, ರಾತ್ರಿ ಕರೆದರೆ ಏಳುವವರೊಬ್ಬರು ಸಾಕಾದೀತು. ಮರೆವಿನಿಂದ ಬಾಗಿಲು ದಾಟಿಹೋಗುವ ಮುದುಕರಿಗೆ ಕೈಗಿಂತ ಕಣ್ಣು ಬೇಕು, ಕಾವಲು ತಪ್ಪುವಂತಿಲ್ಲ. ಪೂರ್ತಿ ಹಾಸಿಗೆ ಹಿಡಿದವರ ಮಾತೇ ಬೇರೆ. ಸುಮಾರು ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕೆಂದು ದಾದಿಯರು ಹೇಳುತ್ತಾರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಎಷ್ಟು ಸಲ ಏಳಬೇಕು, ನೀವೇ ಎಣಿಸಿರಿ. ಮೇಲಕ್ಕೆ ಸರಿಸಲು, ಮೀಯಿಸಲು ಇಬ್ಬರು ಬೇಕು. ಅಡಿಗೆ ಹಾಸಿದ ದುಪ್ಪಟಿಯನ್ನು ಆಚೆಯೊಬ್ಬರು ಈಚೆಯೊಬ್ಬರು ಹಿಡಿಯಬೇಕು. ಒಬ್ಬರೇ ಎಳೆದರೆ ರೋಗಿಯ ಚರ್ಮವೂ ಹೋಯಿತು, ಎಳೆದವರ ಬೆನ್ನೂ ಹೋಯಿತು.

ನಾವು ಮಾಡಿದ್ದು ಇಷ್ಟೆ. ಯಾವ ಕೆಲಸ, ಯಾವ ಹೊತ್ತಿಗೆ, ಎಷ್ಟು ಕೈ ಎಂದು ಮೂರು ದಿನ ಚೀಟಿಯಲ್ಲಿ ಬರೆದೆವು. ತಂದೆಯನ್ನೂ ಕೇಳಿದೆವು, ಮಗಳು ಮೀಯಿಸುವುದು ಅವರಿಗೆ ನಾಚಿಕೆ. ಆಮೇಲೆ ಪಾಳಿ ಹಾಕಿದೆವು. ಹಗಲು ಅಮ್ಮ, ರಾತ್ರಿ ತಮ್ಮನೂ ಅಕ್ಕನ ಮಗನೂ ಸರದಿಯಲ್ಲಿ, ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಸಂಬಳದ ಗಂಡಾಳು. ಅವನೂ ನಮ್ಮಂತೆ ದುಡಿಯುವವನೇ. ವಾರದ ರಜೆ ಅವನಿಗೂ ಉಂಟು. ಅಮ್ಮನಿಗೂ ವಾರಕ್ಕೊಂದು ದಿನ ಬಿಡುವು, ಆ ದಿನ ಅಕ್ಕ ಬರುತ್ತಾಳೆ. ರೋಗ ಏರಿಳಿದಂತೆ ಚೀಟಿಯನ್ನೂ ತಿದ್ದುತ್ತೇವೆ. ತಂದೆಯ ಹುಣ್ಣು ಮಾಯಿತು. ಅಮ್ಮನ ಸೊಂಟ ಮಾತ್ರ ಪೂರ್ತಿ ಸರಿಹೋಗಲಿಲ್ಲ.

ನಮ್ಮ ಚಾಳುಗಳ ಖೋಲಿಗಳಲ್ಲೂ ಹಾಸಿಗೆ ಹಿಡಿದವರಿದ್ದಾರೆ. ಪಾಳಿ ಬಿಟ್ಟ ಮೇಲೆ ಒಂದು ಗಂಟೆ ಕೊಡಬಲ್ಲವರು ಇಂದೇ ಸಂಘದ ಪುಸ್ತಕದಲ್ಲಿ ಹೆಸರು ಬರೆಸಿರಿ. ಊರಿಗೆ ಹಣ ಕಳಿಸುವವರು ಜೊತೆಗೆ ಒಂದು ಮಾತು ಕೇಳಿರಿ: “ಅಮ್ಮಾ, ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದೆ?”