ಕ್ಷಯರೋಗಕ್ಕೆ ಆರು ತಿಂಗಳ ಔಷಧವೇಕೆ?



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆ ಮತ್ತು ಶಸ್ತ್ರಚಿಕಿತ್ಸೆಯ ಮಾತೇ ಬರುವುದೆಂದು ನೀವು ಎಣಿಸಿರಬಹುದು. ಇಂದು ನಾನು ಕ್ಷಯರೋಗದ ವಿಷಯವನ್ನು ಆರಿಸಿಕೊಂಡಿದ್ದೇನೆ. ಗಂಡಹೆಂಡಿರ ಬಾಳಿಗೆ ಇದು ಎಷ್ಟು ಹತ್ತಿರದ್ದೆಂಬುದು ಮುಂದೆ ತಿಳಿಯುವುದು. ನವಲಗುಂದವಿರಲಿ, ಕಲಘಟಗಿಯಿರಲಿ, ಈ ಭಾಗದ ರೋಗಿಗಳು ಎರಡನೆಯ ತಿಂಗಳಿಗೆ ಕೇಳುವ ಪ್ರಶ್ನೆ ಒಂದೇ: "ಕೆಮ್ಮು ನಿಂತೈತಿ, ಜ್ವರಾನೂ ಇಲ್ಲ, ಇನ್ನ ಗುಳಿಗಿ ಯಾಕ್ರಿ ಸಾಹೇಬ್ರ?"

ಪ್ರಶ್ನೆ ನ್ಯಾಯವಾದದ್ದೇ. ಇದರ ಉತ್ತರವು ರೋಗಾಣುವಿನ ಸ್ವಭಾವದಲ್ಲಿದೆ.

ಕ್ಷಯವು ವಂಶದ ದೋಷವಲ್ಲ, ಪೂರ್ವಜನ್ಮದ ಫಲವೂ ಅಲ್ಲ. ಅದಕ್ಕೆ ಕಾರಣವಾದ ರೋಗಾಣುವನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಅವರು 1882ರ ಮಾರ್ಚ್ 24ರಂದು ಲೋಕಕ್ಕೆ ತಿಳಿಸಿದರು. ರೋಗಿಯು ಕೆಮ್ಮಿದಾಗ ಹೊರಬೀಳುವ ಅತಿ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲುತ್ತ, ಹತ್ತಿರವಿದ್ದವರ ಉಸಿರಿನೊಡನೆ ಶ್ವಾಸಕೋಶದ ಕೊನೆಯ ಗಾಳಿಚೀಲಗಳನ್ನು ಸೇರುತ್ತವೆ. ಅಲ್ಲಿ ಭಕ್ಷಕ ಕೋಶಗಳೆಂಬ ಜೀವಕೋಶಗಳು ಕಾವಲಿರುತ್ತವೆ. ಧೂಳಾಗಲಿ, ರೋಗಾಣುವಾಗಲಿ, ಒಳಬಂದುದನ್ನು ಸುತ್ತುವರಿದು ನುಂಗುವುದೇ ಅವುಗಳ ಕೆಲಸ. ನುಂಗಿದ ರೋಗಾಣುವು ಕೋಶದೊಳಗಿನ ಒಂದು ಪುಟ್ಟ ಚೀಲದಲ್ಲಿ ಸೆರೆಯಾಗುತ್ತದೆ. ಅನಂತರ ಆಮ್ಲ ಮತ್ತು ಜೀರ್ಣರಸಗಳು ತುಂಬಿದ ಬೇರೆ ಚೀಲಗಳು ಬಂದು ಅದರೊಡನೆ ಕೂಡುತ್ತವೆ. ಸೆರೆಯಾದ ರೋಗಾಣು ಆ ರಸದಲ್ಲಿ ಕರಗಿಹೋಗುತ್ತದೆ.

ಸಾಮಾನ್ಯ ರೋಗಾಣುಗಳ ಗತಿ ಇದು. ಕ್ಷಯದ ರೋಗಾಣುವಾದರೋ ತನ್ನ ಮೈಯಿಂದ ಕೆಲವು ದ್ರವ್ಯಗಳನ್ನು ಹೊರಸೂಸಿ, ಆ ಚೀಲಗಳು ಒಂದಾಗದಂತೆ ತಡೆಯುತ್ತದೆ. ಆಮ್ಲವೂ ಬೇಕಾದಷ್ಟು ಏರುವುದಿಲ್ಲ. ಮೇಲಾಗಿ ಅದರ ಮೈಗೆ ಮೇಣದಂತಹ ದಪ್ಪ ಹೊದಿಕೆಯಿದೆ. ಹಿಡಿದು ಚಾವಡಿಯಲ್ಲಿ ಕೂಡಿಹಾಕಿದ ಕಳ್ಳನು ಅಲ್ಲಿಯೇ ಒಲೆ ಹೂಡಿ ಸಂಸಾರಕ್ಕೆ ನಿಂತಂತೆ ಇದರ ವ್ಯವಹಾರ! ಸುಮಾರು 20 ಗಂಟೆಗೊಮ್ಮೆ ಇಮ್ಮಡಿಯಾಗುತ್ತ, ಕೊನೆಗೆ ಆ ಕೋಶವನ್ನೇ ಕೆಡವಿ ಹೊರಬರುತ್ತದೆ. ಹೊರಬಂದವನ್ನು ಬೇರೆ ಕೋಶಗಳು ನುಂಗುತ್ತವೆ.

ದೇಹವು ಸುಮ್ಮನಿರುವುದಿಲ್ಲ. ಬಿಳಿ ರಕ್ತಕಣಗಳು ಗುಂಪುಗೂಡಿ ಸುತ್ತಲೂ ಗೋಡೆಯಂತೆ ನಿಂತು ಒಂದು ಗಂಟನ್ನು ಕಟ್ಟುತ್ತವೆ. ಸೋಂಕು ತಗಲಿದವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ರೋಗವೇ ಕಾಣಿಸಿಕೊಳ್ಳದು. ಹತ್ತರಲ್ಲಿ ಸುಮಾರು ಒಬ್ಬರಿಗೆ, ಅರೆಹೊಟ್ಟೆ, ಸಕ್ಕರೆ ಕಾಯಿಲೆ, ಬೀಡಿ, ಎಚ್.ಐ.ವಿ. ಮುಂತಾದವುಗಳಿಂದ ದೇಹ ಸೋತಾಗ, ಆ ಗೋಡೆ ಒಡೆಯುತ್ತದೆ.

ಒಡೆದ ಮೇಲೆ ದೈವದ ಮೇಲೆ ಭಾರ ಹಾಕಿ ಕುಳಿತರೆ ಏನಾಗುವುದು? ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ಗಮನಿಸಿತು. ವ್ಯವಸ್ಥಿತ ಚಿಕಿತ್ಸೆಯಿಲ್ಲದ ಕಾಲವದು. ಕಫದಲ್ಲಿ ರೋಗಾಣು ಕಂಡವರ ಪೈಕಿ ಐದು ವರ್ಷಗಳೊಳಗೆ ಸುಮಾರು ಅರ್ಧ ಮಂದಿ ತೀರಿಕೊಂಡರು. ಮೂರರಲ್ಲೊಂದು ಪಾಲು ತಾವಾಗಿಯೇ ಗುಣ ಹೊಂದಿದರು. ಉಳಿದವರು ರೋಗಾಣುವನ್ನು ಹೊತ್ತು ಬದುಕಿದ್ದರು.

ಇನ್ನು ಗುಳಿಗೆಯ ಮಾತು. ಕರಿಕೆ ಬಿದ್ದ ಎರೆಹೊಲದಲ್ಲಿ ಕುಂಟೆ ಹೊಡೆದರೆ ಮೇಲಿನ ಹುಲ್ಲು ಹೋಗುತ್ತದೆ, ಬೇರು ಉಳಿಯುತ್ತದೆ. ಐಸೋನಿಯಾಜಿಡ್ ಎಂಬ ಔಷಧವು ಬೇಗ ಬೆಳೆಯುತ್ತಿರುವ ರೋಗಾಣುಗಳನ್ನು ಮೊದಲ ದಿನಗಳಲ್ಲಿಯೇ ಕೊಲ್ಲುತ್ತದೆ. ಕೆಮ್ಮು ತಗ್ಗುವುದು ಆಗಲೇ. ಕೋಶಗಳೊಳಗೂ ಗಂಟುಗಳೊಳಗೂ ಅರೆನಿದ್ರೆಯಲ್ಲಿರುವವು ಉಳಿದುಕೊಳ್ಳುತ್ತವೆ. ಅವುಗಳನ್ನು ರಿಫಾಂಪಿಸಿನ್ ಮತ್ತು ಪೈರಾಜಿನಮೈಡ್ ಔಷಧಗಳು ನಿಧಾನವಾಗಿ ಮುಗಿಸಬೇಕು. ಆದುದರಿಂದಲೇ ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ನಡುವೆ ಬಿಟ್ಟರೆ ಉಳಿದವು ಮತ್ತೆ ಬೆಳೆಯುತ್ತವೆ, ಔಷಧಕ್ಕೆ ಜಗ್ಗದ ತಳಿಯೂ ಹುಟ್ಟಬಹುದು. ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿರಿ. ಅದು ರಿಫಾಂಪಿಸಿನ್‌ನ ಬಣ್ಣ, ರಕ್ತವಲ್ಲ. ಕಣ್ಣು ಹಳದಿಯಾದರೆ ಅಥವಾ ದೃಷ್ಟಿ ಮಂಜಾದರೆ ಮಾತ್ರ ಅಂದೇ ವೈದ್ಯರನ್ನು ಕಾಣತಕ್ಕದ್ದು.

ಈಗ ದಂಪತಿಗಳಿಗೆ. ರಿಫಾಂಪಿಸಿನ್ ಸೇವಿಸುವ ಹೆಂಗಸರಲ್ಲಿ ಮಾಲಾ-ಎನ್‌ನಂತಹ ಗರ್ಭನಿರೋಧಕ ಗುಳಿಗೆಗಳು ದೇಹದಲ್ಲಿ ಬೇಗ ಕರಗಿ ನಿಷ್ಫಲವಾಗಬಹುದು. ಆ ಆರು ತಿಂಗಳು, ಮತ್ತು ಔಷಧ ನಿಂತ ಮೇಲೆ ಇನ್ನೊಂದು ತಿಂಗಳು, ನಿರೋಧ್ ಬಳಸಬೇಕು ಇಲ್ಲವೇ ಕಾಪರ್-ಟಿ ಹಾಕಿಸಿಕೊಳ್ಳಬೇಕು. ಇದನ್ನು ನಾಚಿಕೆಯಿಲ್ಲದೆ ದಾದಿಯರಲ್ಲಿ ಕೇಳಿರಿ. ಈಗಾಗಲೇ ಗರ್ಭಿಣಿಯಾಗಿದ್ದರೆ ಔಷಧ ನಿಲ್ಲಿಸಕೂಡದು; ಈ ನಾಲ್ಕು ಔಷಧಗಳನ್ನು ಗರ್ಭಿಣಿಯರಿಗೂ ಕೊಡಲಾಗುತ್ತದೆ, ಔಷಧವಿಲ್ಲದ ಕ್ಷಯವೇ ಶಿಶುವಿಗೆ ಹೆಚ್ಚಿನ ಅಪಾಯ. ಹಾಲೂಡುವ ತಾಯಿ ಬಾಯಿ ಮೂಗಿಗೆ ವಸ್ತ್ರ ಕಟ್ಟಿಕೊಂಡು ಹಾಲೂಡಬಹುದು. ಎದೆಹಾಲಿನಿಂದ ಕ್ಷಯ ಹರಡದು.

ಸೊಸೆಗೆ ಕ್ಷಯವೆಂದು ತಿಳಿದೊಡನೆ ತವರಿಗೆ ಕಳುಹಿಸುವ ಪದ್ಧತಿಯನ್ನು ನಾನು ಒಪ್ಪಲಾರೆ. ಗಂಡನಿಗೆ ಬಂದರೆ ಮನೆಯವರೆಲ್ಲ ಸೇವೆಗೆ ನಿಲ್ಲುವರಷ್ಟೆ? ಸರಿಯಾದ ಔಷಧ ಆರಂಭವಾದ ಕೆಲವೇ ವಾರಗಳಲ್ಲಿ ರೋಗ ಹರಡುವ ಶಕ್ತಿ ಬಹುಮಟ್ಟಿಗೆ ಇಳಿಯುತ್ತದೆ. ಕಿಟಕಿ ತೆರೆದು ಗಾಳಿ ಬೆಳಕು ಬರಗೊಡಿರಿ.

ಎರಡು ವಾರ ಮೀರಿದ ಕೆಮ್ಮು ಇದ್ದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪರೀಕ್ಷೆಯೂ ಔಷಧವೂ ಉಚಿತ. ರೋಗಿಯ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಲ್ಲಿ 1,000ಕ್ಕೆ ಏರಿಸಲಾಯಿತು. ರೋಗಿಯೊಡನೆ ಮನೆಯ ಮಕ್ಕಳನ್ನೂ ಹಿರಿಯರನ್ನೂ ಕರೆತನ್ನಿರಿ. ರೋಗವಿಲ್ಲವೆಂದು ಖಚಿತವಾದ ಮೇಲೆ, ಒಳಗೆ ಮಲಗಿರಬಹುದಾದ ರೋಗಾಣುವಿಗಾಗಿ ಅವರಿಗೆ ಬೇರೆ ತಡೆ ಔಷಧವನ್ನು ಕೊಡಲಾಗುವುದು.