ಕವಾಟ ತೆರೆಯಿತೆಂದು ತಿಳಿಯುವುದು ಹೇಗೆ?

೨೦೨೦ನೆಯ ಇಸವಿ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಬಿಎಸ್-೬ ನಿಯಮ ಜಾರಿಗೆ ಬಂದಿತು. ಅಂದಿನಿಂದ ಹೊಸ ಸ್ಕೂಟರು, ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಬಹುಮಟ್ಟಿಗೆ ಇಂಜೆಕ್ಟರ್ ಬಂದು ಕುಳಿತಿದೆ. ಗಾಡಿಯನ್ನೇ ನಂಬಿ ಹೊಟ್ಟೆ ಹೊರೆಯುವವರು ನಮ್ಮಲ್ಲಿ ಹಲವರಿದ್ದಾರೆ. ಗಾಡಿ ಮುಗ್ಗರಿಸಿದರೆ “ಇಂಜೆಕ್ಟರ್ ಹೋಗಿದೆ, ಬದಲಾಯಿಸಿ” ಎಂಬ ಮಾತು ಬೇಗನೆ ಬರುತ್ತದೆ. ಅದು ನಿಜವೇ ಎಂದು ಪರೀಕ್ಷಿಸುವ ಒಂದು ಉಪಾಯವನ್ನು ತಮ್ಮ ಮುಂದಿಡಬಯಸುತ್ತೇನೆ.

ಇಂಜೆಕ್ಟರ್ ಎಂದರೆ ವಿದ್ಯುತ್ತಿನಿಂದ ತೆರೆಯುವ ಪುಟ್ಟ ಕವಾಟ. ಒಳಗೆ ತಾಮ್ರದ ತಂತಿಯ ಸುರುಳಿ, ಒಂದು ಸ್ಪ್ರಿಂಗು, ಕಬ್ಬಿಣದ ತುಂಡಿಗೆ ಸೇರಿದ ಸೂಜಿ. ವಿದ್ಯುತ್ತು ಹರಿದೊಡನೆ ಸುರುಳಿ ಅಯಸ್ಕಾಂತವಾಗಿ ಕಬ್ಬಿಣವನ್ನು ಎಳೆಯುತ್ತದೆ, ಸೂಜಿ ಏಳುತ್ತದೆ, ಪೆಟ್ರೋಲು ಚಿಮ್ಮುತ್ತದೆ.

ಆದರೆ ಅಪ್ಪಣೆ ಬೇರೆ, ಕೆಲಸ ಬೇರೆ. ಗಿರಣಿಯ ಭೋಂಗಾ ಕೂಗಿದ ಕ್ಷಣಕ್ಕೇ ಮಗ್ಗಗಳೆಲ್ಲ ಆಡತೊಡಗುವುದುಂಟೆ? ಕವಾಟ ತೆರೆಯಲು ಸುಮಾರು ಒಂದು ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು, ಹಿಡಿಯುತ್ತದೆ. ಎಂಜಿನ್ನು ನಿಂತಲ್ಲೇ ಓಡುವಾಗ ಒಟ್ಟು ಅಪ್ಪಣೆಯ ಅವಧಿಯೇ ಎರಡು ಮೂರು ಮಿಲಿಸೆಕೆಂಡು. ಸೂಜಿ ತಡವಾಗಿ ಎದ್ದಷ್ಟೂ ಪೆಟ್ರೋಲು ಕಡಿಮೆ. ಬ್ಯಾಟರಿ ಸೋತರೂ ವಿದ್ಯುತ್ತು ನಿಧಾನವಾಗಿ ಏರಿ ಈ ವಿಳಂಬ ಹೆಚ್ಚುತ್ತದೆ.

ಸೂಜಿ ಎದ್ದಿತೆಂಬ ಸುದ್ದಿಯನ್ನು ಅಪ್ಪಣೆ ಹೊತ್ತ ಆ ತಂತಿಯೇ ಮರಳಿ ತರುತ್ತದೆ. ೧೨ ವೋಲ್ಟು, ೧೨ ಓಮಿನ ಸುರುಳಿ ಎಂದಿಟ್ಟುಕೊಳ್ಳಿ. ವಿದ್ಯುತ್ತು ಒಮ್ಮೆಗೇ ಒಂದು ಆಂಪಿಯರಿಗೆ ಹಾರುವುದಿಲ್ಲ, ಮೆಲ್ಲನೆ ಏರುತ್ತದೆ. ಕಬ್ಬಿಣ ಚಲಿಸಿದಾಗ ಆ ಚಲನೆಯೇ ಸುರುಳಿಯಲ್ಲಿ ಎದುರು ವೋಲ್ಟೇಜನ್ನು ಹುಟ್ಟಿಸುತ್ತದೆ. ಏರುವ ಗೆರೆ ಕೊಂಚ ತಗ್ಗಿ, ಕಬ್ಬಿಣ ತಡೆಗೆ ತಾಗಿ ನಿಂತೊಡನೆ ಮತ್ತೆ ಏರುತ್ತದೆ. ಆ ತಗ್ಗಿನ ತಳವೇ ಕವಾಟ ಪೂರ್ತಿ ತೆರೆದ ಗಳಿಗೆ. ಸುರುಳಿಯ ಸಾಲಿನಲ್ಲಿ ೦.೧ ಓಮಿನ ರೆಸಿಸ್ಟರ್ ಸೇರಿಸಿ ಆಸಿಲೋಸ್ಕೋಪಿನಲ್ಲಿ ನೋಡಿದರೆ, ಅಥವಾ ತಂತಿಯ ಸುತ್ತ ಕರೆಂಟ್ ಕ್ಲ್ಯಾಂಪ್ ಹಾಕಿದರೆ, ಇದು ಕಾಣುತ್ತದೆ.

ಗೆರೆಯೇ ಇಲ್ಲದಿದ್ದರೆ ಸುರುಳಿ ಕಡಿದಿರಬಹುದು, ಅಥವಾ ಅಪ್ಪಣೆಯೇ ತಲುಪಿಲ್ಲ. ಗೆರೆಯಿದ್ದು ತಗ್ಗಿಲ್ಲದಿದ್ದರೆ ಸೂಜಿ ಅಂಟಿಕೊಂಡಿರುವ ಸಂಶಯ. ತಗ್ಗು ತಡವಾಗಿ ಬಂದರೆ ಮೊದಲು ಬ್ಯಾಟರಿಯನ್ನು ನೋಡಬೇಕು. ಕೆಲವು ಕವಾಟಗಳಲ್ಲಿ ತಗ್ಗು ಬಹಳ ಸೂಕ್ಷ್ಮ; ಆದುದರಿಂದ ಅದೇ ಮಾದರಿಯ ಒಳ್ಳೆಯ ಕವಾಟದೊಡನೆ ಹೋಲಿಸುವುದು ಲೇಸು.

ಒಂದು ಎಚ್ಚರಿಕೆ. ಈ ಗುರುತು ಸೂಜಿ ಎದ್ದಿತೆಂದು ಮಾತ್ರ ಹೇಳುತ್ತದೆ. ಪೆಟ್ರೋಲು ಹರಿಯಿತೆಂದು ಹೇಳುವುದಿಲ್ಲ. ರಂಧ್ರದಲ್ಲಿ ಕೊಳೆ ಕಟ್ಟಿದ್ದರೂ ತಗ್ಗು ಸರಿಯಾಗಿಯೇ ಕಾಣುವುದು. ಅಂಥಲ್ಲಿ ಶುಚಿ ಮಾಡಿಸಿದರೆ ಸಾಕಾಗಬಹುದು.

ಆದ್ದರಿಂದ ಬಂಧುಗಳೇ, ಹೊಸದಕ್ಕೆ ಹಣ ಎಣಿಸುವ ಮುನ್ನ “ಕರೆಂಟಿನ ಗೆರೆ ನೋಡಿದಿರಾ?” ಎಂದು ವಿನಯದಿಂದ ಕೇಳಿ. ಕೇಳುವುದಕ್ಕೆ ಕಾಸು ಬೇಕಿಲ್ಲ.